ಅವಳಿ ಕರುಗಳು ಕಲಿಸಿದ ಪಾಠ: ಪೀಟರ್ ಮೆಡಾವರ್ ಅವರ ಬದುಕು

ರೋಗನಿರೋಧಕತೆಯ ಪಾಠ ಮಾಡುವಾಗ ಬಿಳಿ ರಕ್ತಕಣಗಳನ್ನು ದೇಹದ ಸೈನಿಕರೆಂದು ಪರಿಚಯಿಸುವುದು ನಮ್ಮಲ್ಲಿ ರೂಢಿ. ಹೋಲಿಕೆ ಸುಲಭವಾಗಿದೆ, ಮಕ್ಕಳಿಗೆ ಬೇಗ ಹಿಡಿಸುತ್ತದೆ. ನಾನೂ ಅಭ್ಯಾಸ ಪಾಠಗಳಲ್ಲಿ ಇದನ್ನು ಬಳಸಿದ್ದೇನೆ. ಆದರೆ ಈ ಹೋಲಿಕೆಯ ಬೆನ್ನಿಗೇ ಒಂದು ಪ್ರಶ್ನೆ ಬರುತ್ತದೆ. ಸೈನಿಕನು ಸಮವಸ್ತ್ರ ನೋಡಿ ಶತ್ರುವನ್ನು ಗುರುತಿಸುತ್ತಾನೆ. ರಕ್ತಕಣಕ್ಕೆ ತನ್ನವರು ಯಾರು, ಹೊರಗಿನವರು ಯಾರು ಎಂದು ಹೇಳಿಕೊಟ್ಟವರು ಯಾರು? ಆ ತಿಳಿವಳಿಕೆ ವಂಶವಾಹಿಗಳಲ್ಲೇ ಬರೆದು ಬಂದದ್ದೋ, ಜೀವಿ ಬೆಳೆಯುವಾಗ ಕಲಿತದ್ದೋ? ಈ ಪ್ರಶ್ನೆಗೆ ಪ್ರಯೋಗದ ಮೂಲಕ ಉತ್ತರ ಕಂಡುಕೊಂಡವರು ಬ್ರಿಟನ್ನಿನ ಪ್ರಾಣಿಶಾಸ್ತ್ರಜ್ಞ ಸರ್ ಪೀಟರ್ ಮೆಡಾವರ್. ಅವರಿಗೆ ಉತ್ತರದ ಸುಳಿವು ಸಿಕ್ಕಿದ್ದು ದನಗಳ ಅವಳಿ ಕರುಗಳಲ್ಲಿ. ಲಸಿಕೆ ಎಂದರೆ ಜೆನ್ನರ್, ಪಾಶ್ಚರ್ ಎಂದು ನಮ್ಮ ಮಕ್ಕಳಿಗೆ ಗೊತ್ತು. ಮೆಡಾವರ್ ಅವರ ಹೆಸರು ಅಷ್ಟಾಗಿ ತರಗತಿಗೆ ಬಂದಿಲ್ಲ. ಆದ್ದರಿಂದ ಅವರ ಜೀವನವನ್ನು ಇಲ್ಲಿ ಸಂಗ್ರಹವಾಗಿ ಹೇಳಲು ಬಯಸುತ್ತೇನೆ.

ಪೀಟರ್ ಬ್ರಯನ್ ಮೆಡಾವರ್ 1915ರ ಫೆಬ್ರವರಿ 28ರಂದು ಬ್ರೆಜಿಲ್ ದೇಶದ ಪೆಟ್ರೋಪೊಲಿಸ್‌ನಲ್ಲಿ ಜನಿಸಿದರು. ತಂದೆ ಲೆಬನಾನ್ ಮೂಲದ ವ್ಯಾಪಾರಿ, ತಾಯಿ ಬ್ರಿಟಿಷ್ ಮಹಿಳೆ. ಬಾಲ್ಯದಲ್ಲೇ ಅವರನ್ನು ಓದಿಗಾಗಿ ಇಂಗ್ಲೆಂಡಿಗೆ ಕಳುಹಿಸಲಾಯಿತು. ಮಾರ್ಲ್‌ಬರೋದ ವಸತಿ ಶಾಲೆಯಲ್ಲಿ ಕಲಿತು, 1932ರಲ್ಲಿ ಆಕ್ಸ್‌ಫರ್ಡಿಗೆ ಹೋಗಿ, ಪ್ರಾಣಿಶಾಸ್ತ್ರದಲ್ಲಿ ಪ್ರಥಮ ದರ್ಜೆಯಲ್ಲಿ ಪದವಿ ಪಡೆದರು. ಮುಂದೆ ಪೆನಿಸಿಲಿನ್ ಅನ್ನು ಔಷಧಿಯಾಗಿ ಬಳಕೆಗೆ ತಂದ ಹೊವಾರ್ಡ್ ಫ್ಲೋರಿ ಅವರ ರೋಗಶಾಸ್ತ್ರ ವಿಭಾಗದಲ್ಲಿ ಸಂಶೋಧನೆ ಆರಂಭಿಸಿದರು. 1937ರಲ್ಲಿ ಅದೇ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ಓದಿದ್ದ ಜೀನ್ ಟೇಲರ್ ಅವರನ್ನು ಮದುವೆಯಾದರು. ಅಲ್ಲಿಯವರೆಗೆ ಅವರ ಆಸಕ್ತಿ ಇದ್ದದ್ದು ಅಂಗಾಂಶಗಳ ಬೆಳವಣಿಗೆಯಲ್ಲಿ. ರೋಗನಿರೋಧಕತೆ ಅವರ ವಿಷಯವೇ ಆಗಿರಲಿಲ್ಲ.

ಅವರ ದಾರಿ ತಿರುಗಿದ್ದು ಎರಡನೇ ಮಹಾಯುದ್ಧದ ಸಮಯದಲ್ಲಿ. 1940ರಲ್ಲಿ ಆಕ್ಸ್‌ಫರ್ಡಿನಲ್ಲಿ ಅವರ ಮನೆಯ ಹತ್ತಿರವೇ ಒಂದು ಯುದ್ಧವಿಮಾನ ಬಿದ್ದು ಹೊತ್ತಿ ಉರಿಯಿತು. ಅದರಲ್ಲಿದ್ದ ಯುವಕ ಬದುಕಿ ಉಳಿದರೂ ಮೈಯ ಬಹುಪಾಲು ಚರ್ಮ ಸುಟ್ಟುಹೋಗಿತ್ತು. ಇಂಥ ಗಾಯವನ್ನು ಮುಚ್ಚಲು ರೋಗಿಯ ಮೈಯ ಬೇರೆ ಭಾಗದಿಂದಲೇ ಚರ್ಮ ತೆಗೆದು ಕಸಿ ಮಾಡಬೇಕು. ಮೈಯಲ್ಲಿ ಒಳ್ಳೆಯ ಚರ್ಮ ಉಳಿದಿರುವುದೇ ಸ್ವಲ್ಪ ಎಂದಾಗ ಏನು ಮಾಡುವುದು? ಇನ್ನೊಬ್ಬರ ಚರ್ಮ ತಂದು ಹಚ್ಚಿದರೆ ಮೊದಲು ಅಂಟಿಕೊಂಡಂತೆ ಕಂಡು, ಕೆಲವು ದಿನಗಳಲ್ಲಿ ಕೊಳೆತು ಉದುರಿಹೋಗುತ್ತಿತ್ತು. ಏಕೆ ಹಾಗಾಗುತ್ತದೆ ಎಂಬುದು ವೈದ್ಯರಿಗೆ ಸ್ಪಷ್ಟವಿರಲಿಲ್ಲ. ಆ ಯುವಕನಿಗೆ ಚಿಕಿತ್ಸೆ ಮಾಡುತ್ತಿದ್ದ ವೈದ್ಯರು ಮೆಡಾವರ್ ಅವರ ಸಲಹೆ ಕೇಳಿದರು. ಅಲ್ಲಿಂದ ಮುಂದೆ ಆ ಪ್ರಶ್ನೆ ಅವರನ್ನು ಬಿಡಲಿಲ್ಲ.

ಯುದ್ಧಕಾಲದ ವೈದ್ಯಕೀಯ ಸಂಶೋಧನೆಯ ಭಾಗವಾಗಿ ಅವರು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಆಸ್ಪತ್ರೆಗೆ ಹೋಗಿ, ಶಸ್ತ್ರವೈದ್ಯ ಥಾಮಸ್ ಗಿಬ್ಸನ್ ಅವರ ಜೊತೆ ಕೆಲಸ ಮಾಡಿದರು. ಸುಟ್ಟ ಗಾಯಗಳಿದ್ದ ಒಬ್ಬ ಯುವತಿಗೆ ಅವಳ ಸಹೋದರನ ಚರ್ಮದ ಸಣ್ಣ ಸಣ್ಣ ತುಣುಕುಗಳನ್ನು ಕಸಿ ಮಾಡಲಾಯಿತು. ಕೆಲವು ದಿನಗಳ ನಂತರ ಅದೇ ಸಹೋದರನಿಂದ ಎರಡನೇ ಬಾರಿ ಚರ್ಮ ತೆಗೆದು ಹಚ್ಚಿದರು. ಎರಡನೇ ಸಲದ ಕಸಿ ಮೊದಲ ಸಲದ್ದಕ್ಕಿಂತ ಬೇಗ ನಾಶವಾಯಿತು. ಚರ್ಮ ತಾನಾಗಿ ಸಾಯುತ್ತಿದ್ದರೆ ಎರಡು ಬಾರಿಯೂ ಒಂದೇ ಕಾಲ ಹಿಡಿಯಬೇಕಿತ್ತು. ಬೇಗ ನಾಶವಾಯಿತು ಎಂದರೆ ರೋಗಿಯ ದೇಹ ಮೊದಲ ಭೇಟಿಯನ್ನು ನೆನಪಿಟ್ಟುಕೊಂಡಿದೆ ಎಂದರ್ಥ. ನೆನಪು ರೋಗನಿರೋಧಕತೆಯ ಲಕ್ಷಣ. 1943ರಲ್ಲಿ ಈ ಅಧ್ಯಯನ ಪ್ರಕಟವಾಯಿತು.

ಒಬ್ಬ ರೋಗಿಯಲ್ಲಿ ಕಂಡದ್ದನ್ನು ನಿಯಮವೆಂದು ಹೇಳಲು ಬರುವುದಿಲ್ಲ. ಮೆಡಾವರ್ ಆಕ್ಸ್‌ಫರ್ಡಿಗೆ ಮರಳಿ 25 ಮೊಲಗಳನ್ನು ತೆಗೆದುಕೊಂಡರು. ಪ್ರತಿಯೊಂದು ಮೊಲಕ್ಕೂ ಉಳಿದ ಎಲ್ಲ ಮೊಲಗಳ ಚರ್ಮವನ್ನೂ, ಅದರದೇ ಚರ್ಮವನ್ನೂ ಕಸಿ ಮಾಡಿದರು. 25ನ್ನು 25ರಿಂದ ಗುಣಿಸಿದರೆ 625. ಅಷ್ಟು ಕಸಿಗಳನ್ನು ಮಾಡಿ, ದಿನದಿನವೂ ಗಮನಿಸಿ, ತುಣುಕುಗಳನ್ನು ಸೂಕ್ಷ್ಮದರ್ಶಕದಡಿ ನೋಡಿದರು. ತನ್ನದೇ ಚರ್ಮ ಉಳಿಯಿತು, ಪರರದು ಉಳಿಯಲಿಲ್ಲ. ನಾಶವಾಗುತ್ತಿದ್ದ ಚರ್ಮದೊಳಗೆ ರಕ್ತದಿಂದ ಬಂದ ಲಿಂಫೋಸೈಟ್‌ಗಳು ಗುಂಪುಗುಂಪಾಗಿ ನುಗ್ಗಿರುವುದು ಕಂಡಿತು. ಲಿಂಫೋಸೈಟ್ ಎಂದರೆ ಬಿಳಿ ರಕ್ತಕಣಗಳಲ್ಲಿ ಒಂದು ಬಗೆ. ನೋಡಲು ಚಿಕ್ಕದು, ದುಂಡಗಿನದು, ಒಳಗೆಲ್ಲ ಕೋಶಕೇಂದ್ರವೇ ತುಂಬಿರುತ್ತದೆ. ಅದರ ಕೆಲಸವೇನೆಂದು ಆ ಕಾಲದಲ್ಲಿ ಯಾರಿಗೂ ಖಚಿತವಾಗಿ ತಿಳಿದಿರಲಿಲ್ಲ.

1947ರಲ್ಲಿ ಮೆಡಾವರ್ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. ಶಿಷ್ಯ ರೂಪರ್ಟ್ ಬಿಲ್ಲಿಂಗ್‌ಹ್ಯಾಮ್ ಜೊತೆಯಲ್ಲಿ ಬಂದರು. ಮರುವರ್ಷ ಸ್ಟಾಕ್‌ಹೋಮ್‌ನಲ್ಲಿ ತಳಿವಿಜ್ಞಾನಿಗಳ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಅಲ್ಲಿ ಪಶು ತಳಿವಿಜ್ಞಾನಿ ಹ್ಯೂ ಡೊನಾಲ್ಡ್ ಅವರ ಭೇಟಿಯಾಯಿತು. ಡೊನಾಲ್ಡ್ ಅವರದು ವ್ಯಾವಹಾರಿಕ ಸಮಸ್ಯೆ. ಹಸುವಿನ ಗುಣಗಳಲ್ಲಿ ತಳಿಯ ಪಾಲೆಷ್ಟು, ಮೇವು ಮತ್ತು ಪಾಲನೆಯ ಪಾಲೆಷ್ಟು ಎಂದು ತಿಳಿಯಲು ಅವರಿಗೆ ಏಕರೂಪ ಅವಳಿ ಕರುಗಳು ಬೇಕಿದ್ದವು. ಒಂದೇ ಅಂಡದಿಂದ ಹುಟ್ಟಿದ ಏಕರೂಪ ಅವಳಿಗಳನ್ನು ಎರಡು ಅಂಡಗಳಿಂದ ಹುಟ್ಟಿದ ಭಿನ್ನ ಅವಳಿಗಳಿಂದ ಬೇರ್ಪಡಿಸುವುದು ಹೇಗೆ? ಮೆಡಾವರ್ ಅವರಿಗೆ ಇದು ಸುಲಭವೆನಿಸಿತು. ಒಂದು ಕರುವಿನ ಚರ್ಮವನ್ನು ಇನ್ನೊಂದಕ್ಕೆ ಕಸಿ ಮಾಡಿ ನೋಡುವುದು. ಉಳಿದರೆ ಏಕರೂಪ, ಉದುರಿದರೆ ಭಿನ್ನ. ಬೇಕಾದರೆ ತಾವೇ ಬಂದು ಮಾಡಿ ತೋರಿಸುವುದಾಗಿ ಮಾತು ಕೊಟ್ಟರು.

ಕರುಗಳು ಸಿದ್ಧವಾಗಿವೆ ಎಂದು ಡೊನಾಲ್ಡ್ ತಿಳಿಸಿದಾಗ ಕೊಟ್ಟ ಮಾತು ಉಳಿಸಿಕೊಳ್ಳಲೇಬೇಕಾಯಿತು. ಮೆಡಾವರ್ ಮತ್ತು ಬಿಲ್ಲಿಂಗ್‌ಹ್ಯಾಮ್ ಬರ್ಮಿಂಗ್‌ಹ್ಯಾಮ್‌ನಿಂದ ಸುಮಾರು 40 ಮೈಲಿ ದೂರದ ಸ್ಟಾಫರ್ಡ್‌ಶೈರ್ ಪ್ರಾಂತ್ಯದ ಜಾನುವಾರು ಕ್ಷೇತ್ರಕ್ಕೆ ಮತ್ತೆ ಮತ್ತೆ ಹೋಗಿ ಕಸಿಗಳನ್ನು ಮಾಡಿದರು. ಫಲಿತಾಂಶ ನಿರೀಕ್ಷೆಯನ್ನು ತಲೆಕೆಳಗು ಮಾಡಿತು. ಏಕರೂಪ ಅವಳಿಗಳಲ್ಲಿ ಕಸಿ ಉಳಿಯಿತು, ಅದು ಸರಿ. ಆದರೆ ಹೆಚ್ಚಿನ ಭಿನ್ನ ಅವಳಿಗಳಲ್ಲೂ ಉಳಿಯಿತು. ಒಂದು ಗಂಡು, ಒಂದು ಹೆಣ್ಣು ಇರುವ ಜೋಡಿ ಏಕರೂಪ ಅವಳಿಯಾಗಿರಲು ಸಾಧ್ಯವೇ ಇಲ್ಲ. ಅಂಥ ಜೋಡಿಗಳೂ ಪರಸ್ಪರ ಚರ್ಮವನ್ನು ಸ್ವೀಕರಿಸಿದ್ದವು. ಅದೇ ವೇಳೆ, ಬೇರೆ ಬೇರೆ ವರ್ಷಗಳಲ್ಲಿ ಹುಟ್ಟಿದ ಒಡಹುಟ್ಟುಗಳ ನಡುವೆ ಮಾಡಿದ ಕಸಿ ಎಂದಿನಂತೆ ನಾಶವಾಯಿತು. ಒಂದೇ ತಾಯಿತಂದೆಯ ಮಕ್ಕಳಲ್ಲಿ ಈ ವ್ಯತ್ಯಾಸ ಏಕೆ? ಒಂದೇ ಕಾಲಕ್ಕೆ ಒಂದೇ ಗರ್ಭದಲ್ಲಿ ಇದ್ದದ್ದಷ್ಟೇ ಅವಳಿಗಳಿಗೆ ಇದ್ದ ವಿಶೇಷ.

ಡೊನಾಲ್ಡ್ ಅವರ ಸಮಸ್ಯೆಗೆ ಈ ಪರೀಕ್ಷೆಯಿಂದ ಉಪಯೋಗವಾಗಲಿಲ್ಲ. ಕೆಲಸವನ್ನು ಅಲ್ಲಿಗೇ ಕೈಬಿಟ್ಟಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ಮೆಡಾವರ್ ಬಿಡಲಿಲ್ಲ. ವಿವರಣೆ ಹುಡುಕುತ್ತಿದ್ದಾಗ ಆಸ್ಟ್ರೇಲಿಯಾದ ಫ್ರಾಂಕ್ ಮ್ಯಾಕ್‌ಫರ್ಲೇನ್ ಬರ್ನೆಟ್ ಮತ್ತು ಫ್ರಾಂಕ್ ಫೆನ್ನರ್ 1949ರಲ್ಲಿ ಪ್ರಕಟಿಸಿದ ಪುಸ್ತಕದ ಮೂಲಕ ಅಮೆರಿಕದ ರೇ ಓವೆನ್ ಅವರ ಕೆಲಸ ಕಣ್ಣಿಗೆ ಬಿತ್ತು.

ಓವೆನ್ ವಿಸ್ಕಾನ್ಸಿನ್‌ನಲ್ಲಿ ದನಗಳ ರಕ್ತದ ಗುಂಪುಗಳನ್ನು ಅಭ್ಯಾಸ ಮಾಡುತ್ತಿದ್ದರು. ಒಂದು ಗರ್ನ್ಸಿ ತಳಿಯ ಹಸು ಹಾಕಿದ ಅವಳಿ ಕರುಗಳ ತಂದೆ ಬೇರೆ ಬೇರೆ. ಒಂದು ಕರುವಿನದು ಗರ್ನ್ಸಿ ಹೋರಿ, ಇನ್ನೊಂದರದು ಹೆರ್‌ಫರ್ಡ್ ಹೋರಿ. ಆದರೂ ಎರಡೂ ಕರುಗಳ ರಕ್ತದಲ್ಲಿ ಇಬ್ಬರು ತಂದೆಯರ ಕಡೆಯ ರಕ್ತಗುರುತುಗಳೂ ಸಿಕ್ಕವು. ಪ್ರತಿಯೊಂದು ಕರುವಿನಲ್ಲೂ ಎರಡು ಬಗೆಯ ಕೆಂಪುಕಣಗಳು ಬೆರೆತು ಹರಿಯುತ್ತಿದ್ದವು. ಕೆಂಪುಕಣದ ಆಯಸ್ಸು ಕೆಲವೇ ತಿಂಗಳು. ಓವೆನ್ ನೋಡಿದ ಅವಳಿಗಳಲ್ಲಿ ಈ ಬೆರಕೆ ವರ್ಷಗಟ್ಟಲೆ ಉಳಿದಿತ್ತು. ಆದ್ದರಿಂದ ಹುಟ್ಟುವ ಮುನ್ನ ಬೆರೆತದ್ದು ಬರೀ ಕೆಂಪುಕಣಗಳಲ್ಲ, ರಕ್ತವನ್ನು ಹುಟ್ಟಿಸುವ ಮೂಲಕೋಶಗಳೇ ಒಂದರಿಂದ ಇನ್ನೊಂದರ ಅಸ್ಥಿಮಜ್ಜೆಗೆ ಹೋಗಿ ನೆಲೆಸಿವೆ ಎಂದು ಓವೆನ್ ತರ್ಕಿಸಿದರು. ಇದು 1945ರಲ್ಲಿ ಪ್ರಕಟವಾಯಿತು.

ಕೋಶಗಳು ಹೋದ ದಾರಿ ಅದಕ್ಕೂ ಮೊದಲೇ ಗೊತ್ತಾಗಿತ್ತು. ಗಂಡು ಕರುವಿನ ಜೊತೆ ಅವಳಿಯಾಗಿ ಹುಟ್ಟಿದ ಹೆಣ್ಣು ಕರು ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಸಲ ಗೊಡ್ಡಾಗಿರುತ್ತದೆ. ಅದನ್ನು ಇಂಗ್ಲಿಷ್ ದನಗಾರರು ಫ್ರೀಮಾರ್ಟಿನ್ ಎಂದು ಕರೆಯುತ್ತಿದ್ದರು. ದನಗಳ ಅವಳಿಗಳಲ್ಲಿ ಎರಡು ಭ್ರೂಣಗಳ ಹೊರಪೊರೆಯ ರಕ್ತನಾಳಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಹಾಗಾಗಿ ಗಂಡು ಭ್ರೂಣದ ರಕ್ತದಲ್ಲಿರುವ ಹಾರ್ಮೋನುಗಳು ಹೆಣ್ಣು ಭ್ರೂಣವನ್ನು ತಲುಪುತ್ತವೆ ಎಂದು ಅಮೆರಿಕದ ಫ್ರಾಂಕ್ ಲಿಲ್ಲಿ ಮೊದಲ ಮಹಾಯುದ್ಧದ ಕಾಲದಲ್ಲೇ ವಿವರಿಸಿದ್ದರು. ಮನುಷ್ಯರ ಭಿನ್ನ ಅವಳಿಗಳಲ್ಲಿ ಈ ಕೂಡಿಕೆ ಬಹಳ ಅಪರೂಪ.

ಈಗ ಮೆಡಾವರ್ ಅವರಿಗೆ ಎಲ್ಲವೂ ಒಂದೆಡೆ ಕೂಡಿತು. ಗರ್ಭದಲ್ಲಿದ್ದಾಗ ಒಂದು ಕರುವಿನ ರಕ್ತಕೋಶಗಳು ಇನ್ನೊಂದನ್ನು ಸೇರಿವೆ. ಆಗ ಆ ಕರುವಿನ ರೋಗನಿರೋಧಕ ವ್ಯವಸ್ಥೆ ಇನ್ನೂ ಬಲಿತಿಲ್ಲ. ಬಲಿಯುವಾಗ ಆ ಕೋಶಗಳು ತನ್ನ ಮೈಯಲ್ಲೇ ಇದ್ದುದರಿಂದ ಅವುಗಳನ್ನೂ ತನ್ನದೆಂದೇ ಎಣಿಸಿದೆ. ಮುಂದೆ ಅದೇ ಅವಳಿಯ ಚರ್ಮ ಬಂದಾಗ ಪ್ರತಿರೋಧಿಸಿಲ್ಲ. ತನ್ನದು, ಪರರದು ಎಂಬ ಭೇದ ಕಲಿತು ಬರುವಂಥದ್ದು ಎಂಬುದಕ್ಕೆ ಪ್ರಕೃತಿಯೇ ಮಾಡಿಟ್ಟ ಪ್ರಯೋಗ ಇದಾಗಿತ್ತು.

ಪ್ರಕೃತಿ ಮಾಡಿದ್ದನ್ನು ಪ್ರಯೋಗಾಲಯದಲ್ಲಿ ಮಾಡಿ ತೋರಿಸುವ ಕೆಲಸ ಉಳಿದಿತ್ತು. 1951ರಲ್ಲಿ ಮೆಡಾವರ್ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ ಬಂದರು. ಬಿಲ್ಲಿಂಗ್‌ಹ್ಯಾಮ್ ಮತ್ತು ಲೆಸ್ಲಿ ಬ್ರೆಂಟ್ ಅವರ ಜೊತೆಗಿದ್ದರು. ಇವರು ಆರಿಸಿಕೊಂಡದ್ದು ಸಿಬಿಎ ಮತ್ತು ಎ ಎಂಬ ಎರಡು ಶುದ್ಧ ತಳಿಯ ಇಲಿಗಳನ್ನು. ಸಿಬಿಎ ಇಲಿಗೆ ಎ ತಳಿಯ ಚರ್ಮ ಹಚ್ಚಿದರೆ ಸುಮಾರು 11 ದಿನಗಳಲ್ಲಿ ನಾಶವಾಗುತ್ತದೆ. ಗಬ್ಬದ ಸಿಬಿಎ ಇಲಿಯ ಹೊಟ್ಟೆಯಲ್ಲಿದ್ದ ಆರು ಭ್ರೂಣಗಳಿಗೆ ಎ ತಳಿಯ ಕೋಶಗಳನ್ನು ಸೂಜಿಯಿಂದ ಚುಚ್ಚಿದರು. ಐದು ಮರಿಗಳು ಆರೋಗ್ಯವಾಗಿ ಹುಟ್ಟಿದವು. ಎಂಟು ವಾರಗಳ ನಂತರ ಐದಕ್ಕೂ ಎ ತಳಿಯ ಚರ್ಮ ಹಚ್ಚಿದಾಗ ಎರಡರಲ್ಲಿ ನಾಶವಾಯಿತು, ಮೂರರಲ್ಲಿ ಸ್ವಂತ ಚರ್ಮದಂತೆ ಉಳಿಯಿತು. ಹೀಗೆ ಸಹಿಸುವ ಇಲಿಗಳೂ ಮೂರನೆಯ ತಳಿಯ ಚರ್ಮವನ್ನು ಮಾತ್ರ ಎಂದಿನಂತೆ ನಾಶಮಾಡಿದವು. ಎಂದರೆ ಅವುಗಳ ರೋಗನಿರೋಧಕ ಶಕ್ತಿ ಕುಂದಿರಲಿಲ್ಲ. ಒಂದು ನಿರ್ದಿಷ್ಟ ತಳಿಯನ್ನಷ್ಟೇ ಅದು ತನ್ನದೆಂದು ಕಲಿತಿತ್ತು. 1953ರ ಅಕ್ಟೋಬರಿನಲ್ಲಿ ನೇಚರ್ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಗರ್ಭದಲ್ಲೇ ಗಳಿಸಿದ ಈ ಗುಣಕ್ಕೆ ರೋಗನಿರೋಧಕ ಸಹಿಷ್ಣುತೆ ಎಂದು ಹೆಸರು.

ಇನ್ನೊಂದು ಹೆಜ್ಜೆಯೂ ಮುಖ್ಯ. ಪರಚರ್ಮವನ್ನು ಸಹಿಸುತ್ತಿದ್ದ ಇಲಿಗೆ, ಆ ಚರ್ಮದ ವಿರುದ್ಧ ಈಗಾಗಲೇ ಪ್ರತಿರೋಧ ಬೆಳೆಸಿಕೊಂಡಿದ್ದ ಅದೇ ತಳಿಯ ಬೇರೆ ಇಲಿಯ ದುಗ್ಧಗ್ರಂಥಿಗಳ ಕೋಶಗಳನ್ನು ಕೊಟ್ಟರು. ಅಷ್ಟು ದಿನ ಉಳಿದಿದ್ದ ಕಸಿ ನಾಶವಾಯಿತು. ಕೊಟ್ಟದ್ದು ಜೀವಂತ ಕೋಶಗಳನ್ನು, ಕೆಲಸ ಮಾಡಿದ್ದೂ ಅವೇ. ದುಗ್ಧಗ್ರಂಥಿಯಲ್ಲಿ ತುಂಬಿರುವುದು ಲಿಂಫೋಸೈಟ್‌ಗಳು.

ಆ ಮೇಲಿನ ದಶಕದಲ್ಲಿ ಈ ಪುಟ್ಟ ಕೋಶದ ಗುಟ್ಟು ಒಂದೊಂದಾಗಿ ಹೊರಬಿತ್ತು. ಲಿಂಫೋಸೈಟ್‌ಗಳು ರಕ್ತದಿಂದ ದುಗ್ಧಗ್ರಂಥಿಗೆ, ಅಲ್ಲಿಂದ ಮತ್ತೆ ರಕ್ತಕ್ಕೆ ಸುತ್ತುತ್ತಲೇ ಇರುತ್ತವೆ ಎಂದು ಆಕ್ಸ್‌ಫರ್ಡಿನ ಜೇಮ್ಸ್ ಗೋವನ್ಸ್ ತೋರಿಸಿದರು. ಒಂದೊಂದು ಲಿಂಫೋಸೈಟ್ ಒಂದೊಂದು ಗುರುತನ್ನು ಮಾತ್ರ ಹಿಡಿಯಬಲ್ಲದು, ತನಗೆ ಹೊಂದುವ ಗುರುತು ಸಿಕ್ಕಾಗ ಆ ಕೋಶ ವಿಭಜನೆಯಾಗಿ ತನ್ನಂಥವೇ ಸಾವಿರಾರು ಕೋಶಗಳ ಸಂತತಿಯಾಗುತ್ತದೆ ಎಂಬ ಸಿದ್ಧಾಂತವನ್ನು ಬರ್ನೆಟ್ 1957ರಲ್ಲಿ ಮಂಡಿಸಿದರು. ರಾಜ್ಮಾ ಕಾಳಿನ ಜಾತಿಯಿಂದ ತೆಗೆದ ಒಂದು ಪ್ರೋಟೀನನ್ನು ಸೇರಿಸಿದರೆ ಗಾಜಿನ ಪಾತ್ರೆಯಲ್ಲೇ ಲಿಂಫೋಸೈಟ್‌ಗಳು ಉಬ್ಬಿ ವಿಭಜನೆಯಾಗುತ್ತವೆ ಎಂದು ಅಮೆರಿಕದ ಪೀಟರ್ ನೋವೆಲ್ 1960ರಲ್ಲಿ ಕಂಡರು. ಇಬ್ಬರು ವ್ಯಕ್ತಿಗಳ ಲಿಂಫೋಸೈಟ್‌ಗಳನ್ನು ಒಂದೇ ಪಾತ್ರೆಯಲ್ಲಿ ಬೆರೆಸಿಟ್ಟರೆ, ಯಾವ ಪ್ರೋಟೀನನ್ನೂ ಹಾಕದೆಯೇ ಅವು ಪರಸ್ಪರ ಗುರುತಿಸಿ ಕೆಲವು ದಿನಗಳಲ್ಲಿ ಹೆಚ್ಚುತ್ತವೆ ಎಂಬುದು 1964ರ ಹೊತ್ತಿಗೆ ತಿಳಿಯಿತು. ವಿಭಜನೆಯಾಗುವ ಕೋಶ ಹೊಸ ಡಿಎನ್‌ಎ ಕಟ್ಟಬೇಕು. ಅದಕ್ಕೆ ಬೇಕಾದ ಥೈಮಿಡಿನ್‌ಗೆ ವಿಕಿರಣಶೀಲ ಗುರುತು ಹಾಕಿ ಕೊಟ್ಟು, ಎಷ್ಟು ಒಳಸೇರಿತೆಂದು ಎಣಿಸಿದರೆ ಕೋಶಗಳು ಎಷ್ಟು ಹೆಚ್ಚಿದವೆಂದು ತಿಳಿಯುತ್ತದೆ. ಏಕರೂಪ ಅವಳಿಗಳ ಲಿಂಫೋಸೈಟ್‌ಗಳು ಹೀಗೆ ಬೆರೆಸಿದಾಗ ಸುಮ್ಮನಿರುತ್ತವೆ.

ಗರ್ಭದಲ್ಲಿ ರಕ್ತ ಹಂಚಿಕೊಂಡ ಅವಳಿ ದನಗಳ ಮೇಲೂ ಮುಂದಿನವರು ಈ ಪರೀಕ್ಷೆ ಮಾಡಿದರು. ಅವಳಿಯ ಕೋಶಗಳ ಎದುರು ಲಿಂಫೋಸೈಟ್‌ಗಳು ಹೆಚ್ಚಲಿಲ್ಲ, ಹೊರಗಿನ ದನದ ಕೋಶಗಳ ಎದುರು ಹೆಚ್ಚಿದವು. ಆದರೆ ಕಥೆ ಅಲ್ಲಿಗೇ ಮುಗಿಯಲಿಲ್ಲ. 1960ರ ದಶಕದಲ್ಲಿ ಇಂಥ ಅವಳಿಗಳ ಚರ್ಮದ ಕಸಿಯನ್ನು ಬಹಳ ಕಾಲ ಗಮನಿಸಿದಾಗ, ತಡವಾಗಿಯಾದರೂ ಅನೇಕ ಕಸಿಗಳು ನಾಶವಾಗುವುದು ಕಂಡಿತು. ರಕ್ತಕೋಶಗಳನ್ನು ಪೂರ್ತಿ ಸಹಿಸುವ ದನ ಚರ್ಮವನ್ನು ಅಷ್ಟೇ ಪೂರ್ತಿಯಾಗಿ ಸಹಿಸುವುದಿಲ್ಲ. ಮೆಡಾವರ್ ಅವರ ತತ್ವ ಇದರಿಂದ ಬಿದ್ದುಹೋಗಲಿಲ್ಲ, ಅದರ ಎಲ್ಲೆ ಎಲ್ಲಿದೆ ಎಂಬುದು ಗೊತ್ತಾಯಿತು.

1960ರಲ್ಲಿ ಮೆಡಾವರ್ ಮತ್ತು ಬರ್ನೆಟ್ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಮೆಡಾವರ್ ತಮ್ಮ ಪಾಲಿನ ಹಣವನ್ನು ಬಿಲ್ಲಿಂಗ್‌ಹ್ಯಾಮ್ ಮತ್ತು ಬ್ರೆಂಟ್ ಅವರೊಂದಿಗೆ ಹಂಚಿಕೊಂಡರು. ಪ್ರಶಸ್ತಿಯಲ್ಲಿ ಓವೆನ್ ಅವರಿಗೂ ಪಾಲು ಸಿಗಬೇಕಿತ್ತೆಂದು ಓವೆನ್ ಅವರಿಗೇ ಪತ್ರ ಬರೆದರು. ಈ ಸಂಶೋಧನೆ ನೇರವಾಗಿ ರೋಗಿಗಳಿಗೆ ಚಿಕಿತ್ಸೆಯಾಗಲಿಲ್ಲ, ಏಕೆಂದರೆ ಮುಂದೊಂದು ದಿನ ಮೂತ್ರಪಿಂಡ ಬೇಕಾಗುವವರನ್ನು ಗರ್ಭದಲ್ಲೇ ಗುರುತಿಸಲು ಬರುವುದಿಲ್ಲ. 1954ರಲ್ಲಿ ಬಾಸ್ಟನ್ನಿನಲ್ಲಿ ಜೋಸೆಫ್ ಮರ್ರೆ ಯಶಸ್ವಿಯಾಗಿ ಮೂತ್ರಪಿಂಡ ಕಸಿ ಮಾಡಿದ್ದೂ ಏಕರೂಪ ಅವಳಿಗಳ ನಡುವೆ. ಆದರೂ ಪರರ ಅಂಗವನ್ನು ದೇಹ ಎಂದೂ ಒಪ್ಪುವುದಿಲ್ಲ ಎಂಬ ನಂಬಿಕೆ ಇಲಿಗಳ ಪ್ರಯೋಗದಿಂದ ಸಡಿಲವಾಯಿತು. ಔಷಧಿಗಳಿಂದ ಪ್ರತಿರೋಧವನ್ನು ಹತೋಟಿಯಲ್ಲಿಡುವ ದಾರಿ ಹುಡುಕಲು ವೈದ್ಯರಿಗೆ ಧೈರ್ಯ ಬಂತು.

1962ರಲ್ಲಿ ಮೆಡಾವರ್ ಲಂಡನ್ನಿನ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದರು. 1969ರಲ್ಲಿ ಬ್ರಿಟಿಷ್ ವಿಜ್ಞಾನ ಸಂಘದ ಅಧ್ಯಕ್ಷರಾಗಿ ಎಕ್ಸೆಟರ್ ಚರ್ಚಿನಲ್ಲಿ ಧರ್ಮಗ್ರಂಥದ ಭಾಗವನ್ನು ಓದುತ್ತಿದ್ದಾಗ ಪಾರ್ಶ್ವವಾಯು ಹೊಡೆಯಿತು. ಆಗ ಅವರಿಗೆ 54 ವರ್ಷ. ಎಡಭಾಗದ ಶಕ್ತಿ ಹೋಯಿತು, ದೃಷ್ಟಿಯೂ ಕುಂದಿತು. ಸೂಕ್ಷ್ಮ ಶಸ್ತ್ರಕ್ರಿಯೆ ಮಾಡುತ್ತಿದ್ದ ಕೈ ನಿಂತರೂ ಕೆಲಸ ನಿಲ್ಲಲಿಲ್ಲ. ಪತ್ನಿ ಜೀನ್ ಅವರ ನೆರವಿನಿಂದ ಸಂಶೋಧನೆಯನ್ನೂ ಬರವಣಿಗೆಯನ್ನೂ ಮುಂದುವರಿಸಿದರು. ಎಳೆಯ ವಿಜ್ಞಾನಿಗಳಿಗೆ ಸಲಹೆ ಹೇಳುವ ಅವರ ಪುಸ್ತಕ 1979ರಲ್ಲಿ, ಆತ್ಮಕಥೆ 1986ರಲ್ಲಿ ಬಂತು. 1987ರ ಅಕ್ಟೋಬರ್ 2ರಂದು ಲಂಡನ್ನಿನಲ್ಲಿ ನಿಧನರಾದರು.

ಈ ಜೀವನವನ್ನು ತರಗತಿಯಲ್ಲಿ ಬಳಸಲು ನಾನು ಒಂದು ಕ್ರಮ ಯೋಚಿಸಿದ್ದೇನೆ. ಅವಳಿ ಕರುಗಳ ಫಲಿತಾಂಶವನ್ನು ಮೊದಲೇ ಹೇಳಿಬಿಡಬಾರದು. ಗಂಡು ಕರು, ಹೆಣ್ಣು ಕರು, ಅವಳಿಯಲ್ಲದ ಒಡಹುಟ್ಟು, ಈ ಮೂರನ್ನು ಕಪ್ಪುಹಲಗೆಯ ಮೇಲೆ ಬರೆದು, ಯಾವುದರ ಚರ್ಮ ಯಾವುದರಲ್ಲಿ ಉಳಿಯಬಹುದೆಂದು ಮಕ್ಕಳಿಂದ ಊಹೆ ಬರೆಸಬೇಕು. ಹೆಚ್ಚಿನ ಮಕ್ಕಳು ಮೆಡಾವರ್ ಊಹಿಸಿದ್ದನ್ನೇ ಊಹಿಸುತ್ತಾರೆ ಎಂದು ನನ್ನ ನಿರೀಕ್ಷೆ. ಆಮೇಲೆ ಫಲಿತಾಂಶ ಹೇಳಿ, ಕಾರಣವನ್ನು ಅವರಿಂದಲೇ ಹೊರಡಿಸಲು ಸಮಯ ಕೊಡಬೇಕು. ಗರ್ಭದಲ್ಲಿನ ರಕ್ತನಾಳಗಳ ಚಿತ್ರ ಬರುವುದು ಆಮೇಲೆ. ಹಸು ಸಾಕುವ ಮನೆಯ ಮಕ್ಕಳು ಇದ್ದರೆ ಅವಳಿ ಕರುಗಳ ಬಗ್ಗೆ ಅವರ ಮನೆಯಲ್ಲಿ ತಿಳಿದದ್ದನ್ನು ಕೇಳಿ ಬರಲು ಹೇಳಬಹುದು.

ನಮ್ಮ ಪಾಠ ಯೋಜನೆಯ ನಮೂನೆಯಲ್ಲಿ ನಿರೀಕ್ಷಿತ ಉತ್ತರ ಎಂಬ ಕಂಬಸಾಲು ಇರುತ್ತದೆ. ಮಗು ಬೇರೆ ಉತ್ತರ ಕೊಟ್ಟರೆ ಅದನ್ನು ಬಿಟ್ಟು ಮುಂದೆ ಹೋಗುವುದು ಸುಲಭ, 40 ನಿಮಿಷದ ಅವಧಿಯಲ್ಲಿ ಹಾಗೆ ಮಾಡುವ ಒತ್ತಡವೂ ಇರುತ್ತದೆ. ಸ್ಟಾಫರ್ಡ್‌ಶೈರ್‌ನ ಕರುಗಳು ಕೊಟ್ಟದ್ದೂ ನಿರೀಕ್ಷೆಗೆ ಹೊರಗಿನ ಉತ್ತರವೇ. ಈ ಪಾಠಕ್ಕಾಗಿ ಯೋಜನೆ ಬರೆಯುವಾಗ ಆ ಕಂಬಸಾಲಿನ ಪಕ್ಕದಲ್ಲಿ ಇನ್ನೊಂದು ಗೆರೆ ಎಳೆದು, ಅನಿರೀಕ್ಷಿತ ಉತ್ತರಗಳನ್ನು ಪಾಠ ನಡೆಯುವಾಗಲೇ ಬರೆದುಕೊಳ್ಳಲು ಜಾಗ ಬಿಟ್ಟಿದ್ದೇನೆ. ಸಹಪಾಠಿಗಳೂ ಇದನ್ನು ಪ್ರಯತ್ನಿಸಿ, ತಮಗೆ ಬಂದ ಉತ್ತರಗಳನ್ನು ನಮ್ಮ ವಿಮರ್ಶಾ ಅವಧಿಗೆ ತಂದರೆ ಎಲ್ಲರಿಗೂ ಪ್ರಯೋಜನವಾದೀತು.